ಮರಳುದಿಬ್ಬದ ಗೌರಿ ಹೂ: ಕಳೆಯಾಗಿ ಹಬ್ಬಿದಲ್ಲಿ ಅದನ್ನು ಗುರುತಿಸುವ ಮತ್ತು ನಿಯಂತ್ರಿಸುವ ಕ್ರಮ

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರ ಕರಾವಳಿಯಲ್ಲೂ ಅದಕ್ಕೆ ತಾಗಿಕೊಂಡಿರುವ ಆಗ್ನೇಯ ಕ್ವೀನ್ಸ್‌ಲ್ಯಾಂಡಿನಲ್ಲೂ ಮರಳುದಿಬ್ಬಗಳನ್ನು ಆವರಿಸಿಕೊಂಡಿರುವ ಕಳೆಗಳಲ್ಲಿ ಒಂದನ್ನು ಮಲೆನಾಡಿನವರಿಗೆ ಪರಿಚಯಿಸುವ ಅಗತ್ಯವೇ ಇಲ್ಲ. ಭಾದ್ರಪದದ ಮಳೆಯಲ್ಲಿ ಬೇಲಿಯ ಮೇಲೆ ಬೆಂಕಿಯ ನಾಲಗೆ ಚಾಚಿದಂತೆ ಅರಳುವ ಗೌರಿ ಹೂವೇ ಅದು. ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ ಎಂದೂ ಕರೆಯುವ ಈ ಬಳ್ಳಿಯ ಸಸ್ಯಶಾಸ್ತ್ರೀಯ ಹೆಸರು ಗ್ಲೋರಿಯೋಸಾ ಸುಪರ್ಬಾ. ಆಸ್ಟ್ರೇಲಿಯಾದವರ ಬಾಯಲ್ಲಿ ಗ್ಲೋರಿ ಲಿಲಿ. ತಮಿಳುನಾಡಿನ ರಾಜ್ಯಪುಷ್ಪವೂ ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಆಗಿರುವ ಇದು ಆಸ್ಟ್ರೇಲಿಯಾಕ್ಕೆ ಹೋದದ್ದು ಮನೆಯಂಗಳದ ಅಲಂಕಾರದ ಗಿಡವಾಗಿ. ಅಂಗಳ ದಾಟಿ ಕಡಲ ದಂಡೆಗೆ ಇಳಿದ ಮೇಲೆ ಅದನ್ನು ತಡೆಯುವುದು ಕಷ್ಟವಾಯಿತು.

ಇಲ್ಲಿನ ಒಂದು ಸ್ವಯಂಸೇವಕರ ಗುಂಪಿನ ಜೊತೆ ವಾರಾಂತ್ಯಗಳಲ್ಲಿ ದಿಬ್ಬದ ಕಳೆ ತೆಗೆಯುತ್ತಾ ಕಲಿತದ್ದನ್ನು, ಇದೇ ಕರಾವಳಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಕ್ರಮವಾಗಿ ಬರೆದಿಡುತ್ತಿದ್ದೇನೆ. ಕರ್ನಾಟಕದಲ್ಲಿರುವ ಓದುಗರು ಇದನ್ನು ತಮ್ಮ ಊರಿಗೆ ಅನ್ವಯಿಸಿಕೊಳ್ಳಬಾರದು. ಅಲ್ಲಿ ಅದು ಮಣ್ಣಿನ ಮಗಳು. ಔಷಧಿಗಾಗಿ ಗಡ್ಡೆಯನ್ನು ಅತಿಯಾಗಿ ಅಗೆದ ಕಾರಣ ಕೆಲವು ಕಡೆ ಅಪರೂಪವೂ ಆಗಿದೆ. ಒಂದೇ ಗಿಡ ಒಂದು ನೆಲದಲ್ಲಿ ಉಳಿಸಬೇಕಾದದ್ದು, ಇನ್ನೊಂದು ನೆಲದಲ್ಲಿ ಕೀಳಬೇಕಾದದ್ದು.

ದಿಬ್ಬಕ್ಕೆ ಆಗುವ ಹಾನಿ

ಕಡಲಿಗೆ ಎದುರಾಗಿರುವ ಮೊದಲ ದಿಬ್ಬವನ್ನು ಇಲ್ಲಿ ಹಿಡಿದು ನಿಲ್ಲಿಸಿರುವುದು ಸ್ಪಿನಿಫೆಕ್ಸ್ ಎಂಬ ಬೂದುಬಣ್ಣದ ಹುಲ್ಲು. ನಮ್ಮ ಕರಾವಳಿಯ ಮಕ್ಕಳು ಗಾಳಿಗೆ ಉರುಳಿಬಿಟ್ಟು ಓಡುವ ರಾವಣನ ಮೀಸೆಗೆ ಇದು ಹತ್ತಿರದ ಸಂಬಂಧಿ. ಎರಡೂ ಒಂದೇ ಕುಲಕ್ಕೆ ಸೇರಿದವು. ಅದರ ಹಿಂದಿನ ಸಾಲಿನಲ್ಲಿ ಕರಾವಳಿ ಅಕೇಶಿಯಾ, ಬ್ಯಾಂಕ್ಸಿಯಾ, ಲೊಮಾಂಡ್ರಾ, ದಪ್ಪ ಎಲೆಯ ಪಿಗ್‌ಫೇಸ್ ಮುಂತಾದವು ಬೆಳೆಯುತ್ತವೆ. ಗ್ಲೋರಿ ಲಿಲಿ ಇವುಗಳ ನಡುವೆ ಮೊಳೆತು, ಎಲೆಯ ತುದಿಯಿಂದಲೇ ಪಕ್ಕದ ಗಿಡಗಳನ್ನು ಹಿಡಿದು ಹತ್ತಿ, ಬೇಸಿಗೆಯಲ್ಲಿ ದಟ್ಟವಾದ ಹಾಸಿನಂತೆ ಹರಡಿ, ಕೆಳಗಿನ ಎಳೆಯ ಸಸಿಗಳಿಗೆ ಬೆಳಕಿಲ್ಲದಂತೆ ಮಾಡುತ್ತದೆ. ಚಳಿಗಾಲ ಬಂದಾಗ ಮೇಲಿನ ಭಾಗವೆಲ್ಲ ಒಣಗಿ ಬಿದ್ದುಹೋಗುತ್ತದೆ. ಬೇಸಿಗೆಯಿಡೀ ಹಾಸಿನಡಿ ಸಸಿಗಳು ಸತ್ತ ಜಾಗ ಆಗ ಬೋಳಾಗಿ ಗಾಳಿಗೆ ತೆರೆದುಕೊಳ್ಳುವುದು ಈ ಕಳೆಯ ವಿಶೇಷ ತೊಂದರೆ. ಲಂಟಾನ ಕನಿಷ್ಠ ವರ್ಷವಿಡೀ ನಿಂತಿರುತ್ತದೆ. ಇದು ಇದ್ದೂ ಕೆಡಿಸುತ್ತದೆ, ಹೋಗಿಯೂ ಕೆಡಿಸುತ್ತದೆ.

ಗ್ಲೋರಿ ಲಿಲಿಗೆ ಹಲವು ಕಡೆ ದಾರಿ ಮಾಡಿಕೊಟ್ಟದ್ದು ಇನ್ನೊಂದು ಕಳೆ, ದಕ್ಷಿಣ ಆಫ್ರಿಕಾದ ಬಿಟೂ ಬುಷ್. ಹಳದಿ ಹೂವಿನ ಈ ಪೊದೆ 1908ರಲ್ಲಿ ನ್ಯೂಕ್ಯಾಸಲ್ ಬಳಿಯ ಸ್ಟಾಕ್ಟನ್‌ನಲ್ಲಿ ಮೊದಲು ದಾಖಲಾಯಿತು. ಹಡಗಿನ ತೂಕಕ್ಕೆಂದು ತುಂಬಿದ ಮಣ್ಣಿನೊಡನೆ ಬಂದಿರಬೇಕೆಂಬುದು ಸಾಮಾನ್ಯ ಅಭಿಪ್ರಾಯ. ಆಮೇಲೆ 1946ರಿಂದ 1968ರವರೆಗೆ ಸರ್ಕಾರದ ಮಣ್ಣು ಸಂರಕ್ಷಣಾ ವಿಭಾಗವೇ ಮರಳು ಹಿಡಿದು ನಿಲ್ಲಿಸಲೆಂದು ಅದನ್ನು ದಿಬ್ಬಗಳ ಮೇಲೆ ನೆಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ಈಗ ಬಿಟೂವನ್ನು ತೆಗೆದ ಜಾಗ ಖಾಲಿ ಬಿದ್ದರೆ ಅಲ್ಲಿಗೆ ಮೊದಲು ನುಗ್ಗುವವುಗಳಲ್ಲಿ ಗ್ಲೋರಿ ಲಿಲಿಯೂ ಒಂದು. ಆದ್ದರಿಂದ ಬಿಟೂ ತೆಗೆಯುವವರು ಈ ಬಳ್ಳಿಯನ್ನೂ ಗುರುತಿಸಲು ಕಲಿತಿರಬೇಕು.

ಗುರುತಿಸುವುದು

ಹೂವಿದ್ದಾಗ ಯಾರಿಗೂ ಅನುಮಾನ ಬರುವುದಿಲ್ಲ. ಅಲೆಅಲೆಯಾದ ಅಂಚಿನ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತಿರುತ್ತವೆ. ಮೊದಲು ಹಸಿರು ಬೆರೆತ ಹಳದಿ, ಬಳಿಕ ತುದಿ ಕೆಂಪು ಬುಡ ಹಳದಿ, ಕೊನೆಗೆ ಇಡಿಯಾಗಿ ಕಡುಗೆಂಪು. ಆರು ಕೇಸರಗಳು ಜೇಡನ ಕಾಲಿನಂತೆ ಹೊರಕ್ಕೆ ಚಾಚಿಕೊಂಡಿರುತ್ತವೆ. ಹೂವಿನ ನಡುವಿನ ಶಲಾಕೆ, ಎಂದರೆ ಕಾಯಿಕಟ್ಟುವ ಭಾಗದಿಂದ ಹೊರಡುವ ಕಡ್ಡಿ, ನೇರ ಇಳಿಯದೆ ಬುಡದಲ್ಲೇ ಪಕ್ಕಕ್ಕೆ ಮುರಿದಿಟ್ಟಂತೆ ತಿರುಗಿರುತ್ತದೆ.

ಆದರೆ ಹೂವು ಕಂಡ ಮೇಲೆ ಗುರುತಿಸುವುದು ಅರ್ಧ ಕೆಲಸ ಮಾತ್ರ, ಏಕೆಂದರೆ ಹೂ ಬಿಡದ ಎಳೆಯ ಗಿಡಗಳು ಅದರ ಸುತ್ತಲೇ ಅಡಗಿರುತ್ತವೆ. ಬೀಜದಿಂದ ಹುಟ್ಟಿದ ಗಿಡ ಹೂವಿಗೆ ಬರಲು ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಅಲ್ಲಿಯವರೆಗೆ ಅದನ್ನು ಎಲೆಯಿಂದಲೇ ಹಿಡಿಯಬೇಕು. ಎಲೆ ಭರ್ಜಿಯ ಮೊನೆಯಂತೆ ಉದ್ದ, ಹೊಳಪಿನ ಹಸಿರು, ತೊಟ್ಟಿಲ್ಲದೆ ಕಾಂಡಕ್ಕೆ ನೇರ ಅಂಟಿದ್ದು, ನರಗಳು ಉದ್ದುದ್ದಕ್ಕೆ ಸಮಾನಾಂತರವಾಗಿ ಓಡಿರುತ್ತವೆ. ಎಲೆಯ ತುದಿ ಕ್ರಮೇಣ ಸಪೂರವಾಗಿ, ಕೊನೆಗೆ ದಾರದಷ್ಟು ತೆಳುವಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಬಳ್ಳಿ ಹತ್ತುವುದು ಈ ಸುರುಳಿಯಿಂದಲೇ. ಬುಡದ ಮೊದಲ ಕೆಲವು ಎಲೆಗಳಲ್ಲಿ ಸುರುಳಿ ಇರುವುದಿಲ್ಲ. ಆದ್ದರಿಂದ ಮೇಲಿನ ಎಲೆಗಳನ್ನು ನೋಡದೆ ತೀರ್ಮಾನಿಸಬಾರದು.

ಎಲೆಯ ತುದಿ ಸುರುಳಿ ಸುತ್ತಿದ ಮಾತ್ರಕ್ಕೆ ಅದು ಗ್ಲೋರಿ ಲಿಲಿಯೇ ಎನ್ನುವಂತಿಲ್ಲ. ಕಡಲಂಚಿನ ಮಳೆಕಾಡಿನ ತುಣುಕುಗಳಲ್ಲಿ ಫ್ಲಾಜೆಲೇರಿಯಾ ಇಂಡಿಕಾ ಎಂಬ ಸ್ಥಳೀಯ ಬಳ್ಳಿಯಿದೆ. ಅದರ ಎಲೆಯೂ ತುದಿಯಲ್ಲಿ ಹೀಗೆಯೇ ಸುತ್ತುತ್ತದೆ. ಮೊದಲ ವರ್ಷ ಅದರ ಒಂದು ಬುಡಕ್ಕೆ ನಾನು ಕೈಹಾಕಿದ್ದೆ. ಪಕ್ಕದಲ್ಲಿದ್ದ ಹಿರಿಯ ಸ್ವಯಂಸೇವಕಿ ಕೈ ತಡೆದು, ಎಲೆಯ ಬುಡವನ್ನು ನೋಡು ಎಂದರು. ಫ್ಲಾಜೆಲೇರಿಯಾದಲ್ಲಿ ಎಲೆಯ ಬುಡ ಬಿದಿರಿನ ಎಲೆಯಂತೆ ಕಾಂಡವನ್ನು ಕೊಳವೆಯಾಗಿ ಸುತ್ತಿಕೊಂಡಿರುತ್ತದೆ, ಕಾಂಡ ಬೆತ್ತದಂತೆ ಗಟ್ಟಿ, ವರ್ಷವಿಡೀ ಹಸಿರು, ಹೂವು ಸಣ್ಣ, ಬಿಳಿ, ಗೊಂಚಲು. ಗ್ಲೋರಿ ಲಿಲಿಯ ಕಾಂಡ ಮೆದು, ರಸಭರಿತ, ಎಲೆಗೆ ಸುತ್ತುವ ಕೊಳವೆಯಿಲ್ಲ. ಸ್ಮೈಲಾಕ್ಸ್ ಬಳ್ಳಿಗೂ ಹಿಡಿಕುಡಿಗಳಿವೆ, ಆದರೆ ಅವು ಎಲೆಯ ತೊಟ್ಟಿನಿಂದ ಹೊರಡುತ್ತವೆ, ಮೇಲಾಗಿ ಕಾಂಡದಲ್ಲಿ ಮುಳ್ಳಿರುತ್ತದೆ. ಅನುಮಾನ ಉಳಿದರೆ ಆ ಗಿಡವನ್ನು ಬಿಟ್ಟು ರಿಬ್ಬನ್ ಕಟ್ಟಿ ಮುಂದೆ ಹೋಗುವುದೇ ಸರಿ. ಹೂ ಬಿಟ್ಟಾಗ ತಾನಾಗಿ ತಿಳಿಯುತ್ತದೆ.

ಕಾಯಿ ಬೆರಳುದ್ದ, ಹಸಿರು, ಮೂರು ಕೋಣೆಯದು. ಬಲಿತು ಒಡೆದಾಗ ಕಿತ್ತಳೆ ಬೆರೆತ ಕೆಂಪು ಬೀಜಗಳು ಸಾಲಾಗಿ ಅಂಟಿಕೊಂಡು ನಿಲ್ಲುತ್ತವೆ. ಆ ಬಣ್ಣ ಹಕ್ಕಿಗಳನ್ನು ಸೆಳೆಯುತ್ತದೆ. ಮಳೆನೀರು, ಮನೆಯಂಗಳದಿಂದ ತಂದು ಸುರಿದ ಕಸ ಇವೂ ಬೀಜವನ್ನು ಹರಡುತ್ತವೆ.

ಹಬ್ಬದ ಲೆಕ್ಕದಲ್ಲಿ ಕೆಲಸದ ಕಾಲ

ದಕ್ಷಿಣ ಗೋಳಾರ್ಧದ ಋತುಗಳು ನಮಗೆ ತಲೆಕೆಳಗಾದ್ದರಿಂದ, ನಾನು ಈ ಕಳೆಯ ಕಾಲವನ್ನು ನಮ್ಮ ಹಬ್ಬಗಳ ಮೂಲಕ ನೆನಪಿಟ್ಟುಕೊಂಡಿದ್ದೇನೆ. ಊರಿನಲ್ಲಿ ಗೌರಿ ಹಬ್ಬಕ್ಕೆ ಬಳ್ಳಿ ತುಂಬ ಹೂವಿದ್ದರೆ, ಇಲ್ಲಿ ಅದೇ ಹೊತ್ತಿಗೆ ಮರಳಿನಿಂದ ಮೊಳಕೆ ಇಣುಕಲು ಶುರು. ದೀಪಾವಳಿಗೆ ಬಳ್ಳಿ ಮೊಣಕಾಲೆತ್ತರ ಬಂದು ಪಕ್ಕದ ಗಿಡವನ್ನು ಹುಡುಕುತ್ತಿರುತ್ತದೆ. ಸಂಕ್ರಾಂತಿಗೆ ಹೂವು. ಯುಗಾದಿಯ ಆಸುಪಾಸಿಗೆ ಕಾಯಿ ಬಲಿಯುತ್ತದೆ. ಜೂನ್ ತಿಂಗಳಿಗೆ ಮೇಲೆ ಏನೂ ಉಳಿದಿರುವುದಿಲ್ಲ, ಆದರೆ ಕೆಳಗೆ ಗಡ್ಡೆ ತುಂಬಿಕೊಂಡು ಮಲಗಿರುತ್ತದೆ. ಮಳೆ ಮತ್ತು ತಾಪಮಾನಕ್ಕೆ ತಕ್ಕಂತೆ ಇದು ಕೆಲವು ವಾರ ಹಿಂದುಮುಂದಾಗುವುದುಂಟು.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಸಮೀಕ್ಷೆ ಮಾಡಬೇಕಾದದ್ದು ಹೂವಿನ ಕಾಲದಲ್ಲಿ, ಏಕೆಂದರೆ ಆಗ ದೂರದಿಂದಲೇ ಕಾಣುತ್ತದೆ. ತೆಗೆಯುವ ಕೆಲಸ ಮುಗಿಯಬೇಕಾದದ್ದು ಕಾಯಿ ಒಡೆಯುವ ಮೊದಲು. ಇವೆರಡರ ನಡುವೆ ಸಿಗುವ ಅವಧಿ ಹೆಚ್ಚೇನಲ್ಲ.

ಕೈಹಾಕುವ ಮುನ್ನ

ದಿಬ್ಬ ಯಾರ ಸ್ವತ್ತು ಎಂದು ಮೊದಲು ತಿಳಿಯಿರಿ. ಅದು ಸ್ಥಳೀಯ ಕೌನ್ಸಿಲ್‌ನದ್ದಾಗಿರಬಹುದು, ರಾಷ್ಟ್ರೀಯ ಉದ್ಯಾನದ್ದಾಗಿರಬಹುದು, ಸರ್ಕಾರಿ ಜಮೀನಾಗಿರಬಹುದು. ಅನುಮತಿಯಿಲ್ಲದೆ ಒಬ್ಬರೇ ಗುದ್ದಲಿ ಹಿಡಿದು ಹೋಗುವುದಕ್ಕಿಂತ ಆ ತೀರದ ಲ್ಯಾಂಡ್‌ಕೇರ್ ಅಥವಾ ಡ್ಯೂನ್‌ಕೇರ್ ಎಂಬ ಸ್ವಯಂಸೇವಕರ ಗುಂಪನ್ನು ಸೇರುವುದು ಒಳ್ಳೆಯದು. ಇದು ಬರಿಯ ಶಿಷ್ಟಾಚಾರವಲ್ಲ. ಈ ದಿಬ್ಬಗಳಲ್ಲಿ ಮೂಲನಿವಾಸಿಗಳು ತಲೆಮಾರುಗಳ ಕಾಲ ತಿಂದು ಬಿಟ್ಟ ಚಿಪ್ಪುಗಳ ಪುರಾತನ ರಾಶಿಗಳಿವೆ. ಅವುಗಳನ್ನು ಕದಡುವುದು ಅಪರಾಧ. ಅಗೆಯುವಾಗ ಬಿಳಿಚಿದ ಚಿಪ್ಪುಗಳ ಒತ್ತಾದ ಪದರ ಕಂಡರೆ ಅಲ್ಲಿಗೇ ನಿಲ್ಲಿಸಿ ಗುಂಪಿನ ಮುಖ್ಯಸ್ಥರಿಗೆ ಹೇಳಬೇಕು. ಹಾಗೆಯೇ ವಸಂತ ಮತ್ತು ಬೇಸಿಗೆಯಲ್ಲಿ ಲಿಟಲ್ ಟರ್ನ್‌ನಂಥ ಹಕ್ಕಿಗಳು ಬರಿಯ ಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ಮರಳಿನ ಬಣ್ಣದವೇ ಆದ್ದರಿಂದ ಕಾಲಡಿಗೆ ಬೀಳುವವರೆಗೂ ಕಾಣುವುದಿಲ್ಲ. ಗೂಡಿನ ಸುತ್ತ ಬೇಲಿ ಹಾಕಿದ ಕಡೆ ಆ ಋತುವಿನ ಮಟ್ಟಿಗೆ ಕಳೆಯನ್ನು ಬಿಟ್ಟುಬಿಡುವುದೇ ಲೇಸು.

ವಿಷದ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡದ ಎಲ್ಲ ಭಾಗಗಳಲ್ಲೂ ಕೋಲ್ಚಿಸಿನ್ ಇದೆ. ಗಡ್ಡೆಯಲ್ಲಿ ಮತ್ತು ಬೀಜದಲ್ಲಿ ಹೆಚ್ಚು. ಗೌಟ್ ಎಂಬ ಕೀಲುರೋಗಕ್ಕೆ ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಇದೇ ರಾಸಾಯನಿಕಕ್ಕಾಗಿ ತಮಿಳುನಾಡಿನಲ್ಲಿ ಈ ಬಳ್ಳಿಯನ್ನು ಹೊಲಗಳಲ್ಲಿ ಬೆಳೆಯುತ್ತಾರೆ. ಹೊಟ್ಟೆಗೆ ಹೋದರೆ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ. ಬಳಿಕ ಮೂತ್ರಪಿಂಡ, ಅಸ್ಥಿಮಜ್ಜೆ, ಹೃದಯ ಎಲ್ಲವೂ ಕೆಡಬಹುದು. ಬದುಕುಳಿದವರ ತಲೆಗೂದಲು ಒಂದೆರಡು ವಾರಗಳಲ್ಲಿ ಉದುರುವುದುಂಟು. ಗೆಣಸೆಂದು ತಪ್ಪುತಿಳಿದು ತಿಂದು ಸತ್ತವರಿದ್ದಾರೆ. ಆದ್ದರಿಂದ ಕೈಗವಸು ಕಡ್ಡಾಯ, ಗಡ್ಡೆ ಮುಟ್ಟಿದ ಕೈಯಿಂದ ಕಣ್ಣು ಉಜ್ಜುವಂತಿಲ್ಲ, ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆಯಬೇಕು, ಮಕ್ಕಳನ್ನೂ ನಾಯಿಯನ್ನೂ ಜೊತೆಗೆ ಕರೆದೊಯ್ಯಬಾರದು. ಆಸ್ಟ್ರೇಲಿಯಾದಲ್ಲಿ ವಿಷಬಾಧೆಯ ಸಹಾಯವಾಣಿ 13 11 26. ಉದ್ದ ತೋಳಿನ ಅಂಗಿ, ಮುಚ್ಚಿದ ಬೂಟು ಧರಿಸಿ. ಹಾವುಗಳೂ ಉಣ್ಣಿಗಳೂ ಈ ಪೊದೆಗಳಲ್ಲಿ ಸಾಮಾನ್ಯ.

ಎಲ್ಲಿಂದ ಆರಂಭಿಸುವುದು

ಎಲ್ಲರಿಗೂ ಅನಿಸುವುದು ಕಳೆ ಅತಿ ದಟ್ಟವಾಗಿರುವ ಕಡೆಯೇ ಮೊದಲು ನುಗ್ಗಬೇಕೆಂದು. ಅದು ತಪ್ಪು. ಸಿಡ್ನಿಯ ಮೊಸ್ಮನ್‌ನಲ್ಲಿದ್ದ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸಹೋದರಿಯರು 1960ರ ದಶಕದಿಂದ ರೂಢಿಸಿದ ಕ್ರಮವೊಂದು ಇಂದಿಗೂ ಇಲ್ಲಿನ ಕಳೆ ಕೆಲಸದ ಬುನಾದಿ: ಒಳ್ಳೆಯ ಕಾಡಿನಿಂದ ಕೆಟ್ಟ ಕಡೆಗೆ ಕೆಲಸ ಮಾಡುತ್ತಾ ಹೋಗುವುದು, ನೆಲವನ್ನು ಕನಿಷ್ಠ ಕದಡುವುದು, ಸ್ಥಳೀಯ ಗಿಡಗಳು ಮರಳಿ ಎಷ್ಟು ವೇಗದಲ್ಲಿ ತುಂಬುತ್ತವೆಯೋ ಅಷ್ಟೇ ವೇಗದಲ್ಲಿ ಮುಂದುವರಿಯುವುದು. ಗ್ಲೋರಿ ಲಿಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಸ್ಪಿನಿಫೆಕ್ಸ್ ಆರೋಗ್ಯವಾಗಿರುವ ದಿಬ್ಬದಲ್ಲಿ ಅಲ್ಲೊಂದು ಇಲ್ಲೊಂದು ಬಳ್ಳಿಯಿದ್ದರೆ ಅವನ್ನು ಮೊದಲು ಮುಗಿಸಿ. ಆಮೇಲೆ ದಟ್ಟ ಹಾಸಿನ ಅಂಚಿಗೆ ಬನ್ನಿ. ಹಾಸಿನ ನಡುಭಾಗ ಕೊನೆಗೆ. ನಡುಭಾಗದಲ್ಲಿ ಈ ವರ್ಷ ಕಾಯಿಗಳನ್ನಷ್ಟೇ ಕತ್ತರಿಸಿ ಚೀಲಕ್ಕೆ ಹಾಕಿಕೊಂಡರೂ ಬೀಜದ ಹೊಸ ಸುರಿಮಳೆ ನಿಲ್ಲುತ್ತದೆ.

ಗಡ್ಡೆ ಅಗೆಯುವ ಕ್ರಮ

ನನ್ನ ಮೊದಲ ಬೇಸಿಗೆಯ ತಪ್ಪನ್ನು ಇಲ್ಲಿ ಹೇಳಲೇಬೇಕು. ಒಂದು ಬೆಳಗಿನಲ್ಲಿ ಬಳ್ಳಿಗಳನ್ನು ಬುಡದಿಂದ ಎಳೆದೆಳೆದು ಸೊಂಟದೆತ್ತರದ ರಾಶಿ ಹಾಕಿ ಬೀಗುತ್ತಾ ಮನೆಗೆ ಬಂದಿದ್ದೆ. ಮುಂದಿನ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ, ಕೆಲವು ಕಡೆ ಜೋಡಿಜೋಡಿಯಾಗಿ, ಮೊಳಕೆಗಳು ಎದ್ದು ನಿಂತಿದ್ದವು. ಬಳ್ಳಿ ಎಳೆದರೆ ಕಾಂಡ ಗಡ್ಡೆ ಸೇರುವಲ್ಲಿ ಪಟ್ಟನೆ ತುಂಡಾಗುತ್ತದೆ, ಗಡ್ಡೆ ಕದಲುವುದೇ ಇಲ್ಲ.

ಗಡ್ಡೆಯ ರಚನೆ ತಿಳಿದರೆ ಈ ಜೋಡಿಯ ರಹಸ್ಯ ಅರ್ಥವಾಗುತ್ತದೆ. ಬೆರಳಿನ ಗಾತ್ರದ ಎರಡು ತೋಳುಗಳು ಒಂದು ಕೋನದಲ್ಲಿ ಸೇರಿ ನೇಗಿಲಿನ ಆಕಾರ ಬರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂಬ ಹೆಸರು ಬಂದದ್ದು ಈ ನೇಗಿಲಿನಿಂದಲೇ. ಮೊಳೆಯುವ ಕಣ್ಣು ಇರುವುದು ಎರಡು ತೋಳುಗಳು ಸೇರುವ ಕಡೆಯಲ್ಲ, ತೋಳಿನ ತುದಿಯಲ್ಲಿ. ಪ್ರತಿ ವರ್ಷ ಹಳೆಯ ಗಡ್ಡೆ ತನ್ನ ಸಾರವನ್ನು ಬಳ್ಳಿಗೆ ಕೊಟ್ಟು ಸೊರಗುತ್ತದೆ, ಬಳ್ಳಿಯ ಬುಡದಲ್ಲಿ ಹೊಸದು ಕಟ್ಟುತ್ತದೆ. ಗಡ್ಡೆ ನಡುವೆ ಮುರಿಯಲಿ ಬಿಡಲಿ, ಎರಡು ತೋಳೂ ಮರಳಿನಲ್ಲೇ ಉಳಿದರೆ ಒಂದಕ್ಕೆ ಎರಡು ಗಿಡ. ತಮಿಳುನಾಡಿನ ರೈತರು ಬೆಳೆಯನ್ನು ಹೆಚ್ಚಿಸುವುದೂ ಗಡ್ಡೆಯನ್ನು ಹೀಗೆಯೇ ಎರಡಾಗಿ ಮುರಿದು.

ಆದ್ದರಿಂದ ಬಳ್ಳಿಯನ್ನು ಎಳೆಯಬೇಡಿ. ಮೊದಲು ಕಾಯಿಗಳಿದ್ದರೆ ಕತ್ತರಿಸಿ ಚೀಲಕ್ಕೆ ಹಾಕಿ. ಕಾಂಡವನ್ನು ಒಂದು ಗೇಣು ಬಿಟ್ಟು ಮೇಲಿನದನ್ನು ಕತ್ತರಿಸಿ. ಉಳಿದ ಆ ಗೇಣೇ ನಿಮಗೆ ದಾರಿ ತೋರುವ ದಾರ. ಅದರಿಂದ ಒಂದು ಗೇಣು ದೂರದಲ್ಲಿ ಕಿರಿದಾದ ಅಲಗಿನ ಕೈಗುದ್ದಲಿಯನ್ನು ನೇರ ಕೆಳಕ್ಕೆ ಇಳಿಸಿ ಮರಳನ್ನು ಸಡಿಲಿಸಿ, ಬಳಿಕ ಗುದ್ದಲಿಯನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಕಾಂಡದ ಜಾಡು ಹಿಡಿದು ಮರಳು ಸರಿಸುತ್ತಾ ಹೋಗಿ. ಮರಳಿನೊಳಗೆ ಕಾಂಡ ಬಿಳಿಚಿಕೊಂಡು, ಒಮ್ಮೊಮ್ಮೆ ಅಡ್ಡ ತಿರುಗಿ, ಎಣಿಸದ ಕಡೆಗೆ ಒಯ್ಯುತ್ತದೆ. ಎಳೆಯ ಗಿಡದ ಗಡ್ಡೆ ಬೆರಳುದ್ದದ ಆಳದಲ್ಲೇ ಸಿಗುತ್ತದೆ, ಹಳೆಯದಕ್ಕೆ ನನ್ನ ಮೊಣಕೈ ಮುಳುಗಿದ್ದುಂಟು. ಗಡ್ಡೆ ಬೆರಳಿಗೆ ತಾಗಿದ ಮೇಲೆ ಎರಡೂ ತೋಳುಗಳ ಕೆಳಗೆ ಬೆರಳು ತೂರಿಸಿ ಎತ್ತಿ. ಎತ್ತಿದ ಮೇಲೆ ಎರಡೂ ತುದಿಗಳನ್ನು ನೋಡಿ: ದುಂಡಗೆ ಮುಚ್ಚಿದ್ದರೆ ಪೂರ್ತಿ ಬಂದಿದೆ, ಹಸಿ ಮೂಲಂಗಿ ಮುರಿದಂತೆ ಬಿಳಿಯಾಗಿ ತೆರೆದಿದ್ದರೆ ತುಂಡು ಒಳಗೇ ಇದೆ, ಮತ್ತೆ ಹುಡುಕಬೇಕು. ಮರಳನ್ನು ಮರಳಿ ತುಂಬಿ, ಅಂಗೈಯಿಂದ ಒತ್ತಿ, ಸುತ್ತ ಬಿದ್ದ ಒಣ ಎಲೆ ಕಡ್ಡಿಗಳನ್ನು ಮೇಲೆ ಹರಡಿ.

ಹೀಗೆ ಒಂದು ಗಿಡಕ್ಕೆ ಐದು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ. ಚದುರಿದ ಗಿಡಗಳಿಗೆ, ಸಣ್ಣ ಮಡಿಗಳಿಗೆ ಮಾತ್ರ ಈ ಕ್ರಮ. ದೊಡ್ಡ ಹಾಸನ್ನು ಅಗೆಯಲು ಹೊರಟರೆ ದಿಬ್ಬವನ್ನೇ ಉತ್ತಂತಾಗುತ್ತದೆ, ಮೊದಲ ಬಿರುಗಾಳಿಗೆ ಮರಳು ಹಾರಿಹೋಗುತ್ತದೆ.

ಕಳೆನಾಶಕ ಬಳಸುವಲ್ಲಿ

ದಟ್ಟ ಹಾಸುಗಳಿಗೆ ಇಲ್ಲಿ ಬಳಸುವುದು ಗ್ಲೈಫೋಸೇಟ್ ಮತ್ತು ಮೆಟ್‌ಸಲ್ಫ್ಯೂರಾನ್ ಮೀಥೈಲ್. ಪ್ರಮಾಣವನ್ನು ನಾನು ಬರೆಯುವುದಿಲ್ಲ. ಡಬ್ಬದ ಮೇಲಿನ ಚೀಟಿಯಲ್ಲೋ ನಿಯಂತ್ರಣ ಸಂಸ್ಥೆ ಕೊಡುವ ಪರವಾನಗಿಯಲ್ಲೋ ಇರುವುದೇ ಕಾನೂನು, ಅದೂ ಕಾಲಕಾಲಕ್ಕೆ ಬದಲಾಗುತ್ತದೆ. ತರಬೇತಿ ಪಡೆದವರಲ್ಲದೆ ಬೇರೆಯವರು ಸಾರ್ವಜನಿಕ ದಿಬ್ಬದ ಮೇಲೆ ಸಿಂಪಡಿಸಬಾರದು. ಆದರೆ ಏನನ್ನು ಏಕೆ ಆರಿಸುತ್ತಾರೆಂಬುದನ್ನು ಕೆಲಸಕ್ಕೆ ಹೋಗುವ ಎಲ್ಲರೂ ತಿಳಿದಿರಬೇಕು. ಗ್ಲೈಫೋಸೇಟ್ ತಾಗಿದ ಹಸಿರನ್ನೆಲ್ಲ ಕೊಲ್ಲುತ್ತದೆ, ಸ್ಪಿನಿಫೆಕ್ಸ್ ಕೂಡ ಹೊರತಲ್ಲ. ಆದರೆ ಮರಳಿನಲ್ಲಿ ಅದರ ಕಾಟ ಉಳಿಯುವುದಿಲ್ಲ. ಮೆಟ್‌ಸಲ್ಫ್ಯೂರಾನ್ ಹುಲ್ಲುಗಳ ಮೇಲೆ ಮೃದು, ಆದರೆ ಅಗಲ ಎಲೆಯ ಸ್ಥಳೀಯ ಸಸಿಗಳಿಗೆ ಮಾರಕ, ಚಿಪ್ಪಿನ ಪುಡಿ ಬೆರೆತ ಕ್ಷಾರೀಯ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುವ ಸ್ವಭಾವದ್ದು. ಹುಲ್ಲಿನ ನಡುವೆ ಮೆಟ್‌ಸಲ್ಫ್ಯೂರಾನ್, ಬರಿಯ ಕಳೆಯ ಹಾಸಿಗೆ ಗ್ಲೈಫೋಸೇಟ್ ಎಂದು ಜಾಗ ನೋಡಿ ಆರಿಸಬೇಕು.

ಸಿಂಪಡಣೆಯ ಸಮಯ ಎಲೆಗಳು ಪೂರ್ತಿ ಬಿಚ್ಚಿಕೊಂಡು ಹೂವು ಆರಂಭವಾಗುವ ಹೊತ್ತು. ಮೊಳಕೆಯಲ್ಲೇ ಹೊಡೆದರೆ ಔಷಧ ಹೀರಲು ಸಾಕಷ್ಟು ಎಲೆಯಿರುವುದಿಲ್ಲ. ಒಣಗತೊಡಗಿದ ಮೇಲೆ ಹೊಡೆದರೆ ಅದು ಗಡ್ಡೆಗೆ ಇಳಿಯುವುದಿಲ್ಲ. ಎಲೆಯ ಮೇಲ್ಮೈ ನುಣುಪಾದ್ದರಿಂದ ಹನಿ ಅಂಟಿಕೊಳ್ಳುವಂತೆ ಮಾಡುವ ದ್ರವವನ್ನು ಬೆರೆಸುತ್ತಾರೆ, ಎಲ್ಲಿ ಹೊಡೆದಾಯಿತೆಂದು ತಿಳಿಯಲು ಬಣ್ಣವನ್ನೂ. ಕಡಲ ಗಾಳಿ ಹೊತ್ತೇರಿದಂತೆ ಬಲವಾಗುವುದರಿಂದ ನಸುಕಿನಲ್ಲಿ ಮುಗಿಸಬೇಕು. ಮಳೆಯ ಮುನ್ಸೂಚನೆಯಿದ್ದ ದಿನ ಡಬ್ಬ ತೆರೆಯುವುದೇ ಬೇಡ. ಸಿಂಪಡಿಸಿದ ಬಳ್ಳಿಯನ್ನು ಕೂಡಲೇ ಕತ್ತರಿಸಬಾರದು; ಹಳದಿಯಾಗಲು ಕೆಲವು ವಾರ ಬೇಕು. ಒಂದೇ ವರ್ಷದಲ್ಲಿ ಗಡ್ಡೆಗಳೆಲ್ಲ ಸಾಯುತ್ತವೆಂದು ನಂಬಬೇಡಿ.

ಕಿತ್ತದ್ದನ್ನು ಏನು ಮಾಡುವುದು

ಹಸಿ ಬಳ್ಳಿಯನ್ನು ಕಾಯಿಯಿಲ್ಲದಿದ್ದರೆ ಅಲ್ಲಿಯೇ ಕೊಂಬೆಗಳ ಮೇಲೆ ಒಣಗಲು ಬಿಡಬಹುದು. ಗಡ್ಡೆ ಮತ್ತು ಕಾಯಿಗಳನ್ನು ಹಾಗೆ ಬಿಡುವಂತಿಲ್ಲ. ತಿಂಗಳುಗಟ್ಟಲೆ ಒಣ ಮರಳಿನಲ್ಲಿ ಮಲಗಿ ಏಳುವುದೇ ಗಡ್ಡೆಯ ಸ್ವಭಾವವಾದ್ದರಿಂದ ಬಿಸಿಲಿಗೆ ಹಾಕಿದರೆ ಸಾಯುತ್ತದೆಂಬ ಭರವಸೆಯಿಲ್ಲ. ದಪ್ಪ ಚೀಲದಲ್ಲಿ ಕಟ್ಟಿ ಭೂಭರ್ತಿಗೆ (ಕಸ ಹೂಳುವ ಜಾಗಕ್ಕೆ) ಹೋಗುವ ಕಸದ ಡಬ್ಬಕ್ಕೆ ಹಾಕಿ. ಗೊಬ್ಬರದ ಗುಂಡಿಗೂ ಹಸಿರು ಕಸದ ಡಬ್ಬಕ್ಕೂ ಬೇಡ. ಬೂಟಿನ ಅಡಿಯಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ಬೀಜ ಸಿಕ್ಕಿದೆಯೇ ನೋಡಿ ಹೊರಡಿ.

ತೆರವಾದ ಜಾಗ ಮತ್ತು ಮುಂದಿನ ವರ್ಷಗಳು

ತೆರವಾದ ಮರಳಿನ ಮೇಲೆ ಬೀಜಬಿಟ್ಟ ಬ್ಯಾಂಕ್ಸಿಯಾ, ಅಕೇಶಿಯಾ ಕೊಂಬೆಗಳನ್ನು ಗಾಳಿಗೆ ಅಡ್ಡಲಾಗಿ ಹಾಸಿದರೆ ಮರಳೂ ನಿಲ್ಲುತ್ತದೆ, ಬೀಜವೂ ಬೀಳುತ್ತದೆ. ಎದುರು ದಿಬ್ಬಕ್ಕೆ ಸ್ಪಿನಿಫೆಕ್ಸ್, ಹಿಂದಕ್ಕೆ ಲೊಮಾಂಡ್ರಾ ನೆಡಬಹುದು. ಆದರೆ ಎರಡು ಮೂರು ತಿಂಗಳು ಕಾದು, ತಾನಾಗಿ ಏನು ಬರುತ್ತದೆಂದು ನೋಡಿದ ಬಳಿಕ. ಬಿತ್ತಿದ್ದಕ್ಕಿಂತ ತಾನೇ ಹುಟ್ಟಿದ್ದು ದಿಬ್ಬಕ್ಕೆ ಚೆನ್ನಾಗಿ ಒಗ್ಗುತ್ತದೆ.

ಬೀಜಗಳೆಲ್ಲ ಒಂದೇ ವರ್ಷ ಮೊಳೆಯುವುದಿಲ್ಲ, ಆದ್ದರಿಂದ ಪ್ರತಿ ಅಕ್ಟೋಬರಿನಲ್ಲೂ ಜನವರಿಯಲ್ಲೂ ಅದೇ ಜಾಗಕ್ಕೆ ಹಿಂತಿರುಗಬೇಕು. ನಾವು ದಿಬ್ಬವನ್ನು ಇಪ್ಪತ್ತು ಹೆಜ್ಜೆಯ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಹೂ ಬಿಟ್ಟ ಗಿಡವೆಷ್ಟು, ಎಳೆಯದೆಷ್ಟು ಎಂದು ಬರೆದಿಡುತ್ತೇವೆ. ಹೂ ಬಿಟ್ಟವು ಕಡಿಮೆಯಾಗಿ ಎಳೆಯವು ಹೆಚ್ಚಾದರೆ ಗಾಬರಿ ಬೇಡ; ಹಳೆಯ ಬೀಜ ಖರ್ಚಾಗುತ್ತಿದೆ ಎಂದರ್ಥ. ಎಲ್ಲೋ ಒಂದು ಚೌಕದಲ್ಲಿ ಮಾತ್ರ ಪ್ರತಿ ವರ್ಷ ಹೊಸ ಸಸಿಗಳು ಬರುತ್ತಿದ್ದರೆ ಹತ್ತಿರದಲ್ಲೇ ತಾಯಿಗಿಡ ಇದೆ, ಬಹಳ ಮಟ್ಟಿಗೆ ಯಾರದೋ ಮನೆಯ ಬೇಲಿಯಲ್ಲಿ.

ಆ ಬೇಲಿ ನಮ್ಮವರದ್ದೇ ಆಗಿರಬಹುದೆಂಬ ಕಾರಣಕ್ಕೆ ಇದನ್ನು ಕನ್ನಡದಲ್ಲಿ ಬರೆದೆ. ಊರಿನಿಂದ ಗಡ್ಡೆಯನ್ನೋ ಬೀಜವನ್ನೋ ತರುವುದಕ್ಕೆ ಇಲ್ಲಿನ ಜೈವಿಕ ಸುರಕ್ಷತೆಯ ಕಾನೂನು ಅಡ್ಡಿಯಾಗುತ್ತದೆ. ಈಗಾಗಲೇ ಅಂಗಳದಲ್ಲಿ ಬೆಳೆದಿದ್ದರೆ, ನ್ಯೂ ಸೌತ್ ವೇಲ್ಸ್‌ನ 2015ರ ಜೈವಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಅದು ಹರಡದಂತೆ ನೋಡಿಕೊಳ್ಳುವ ಹೊಣೆ ಮನೆಯವರದ್ದೇ. ಹೇಗೂ ಗೌರಿ ಹಬ್ಬದ ಹೊತ್ತಿಗೆ ಇಲ್ಲಿ ಅದು ಹೂ ಬಿಡುವುದಿಲ್ಲ. ಆಗ ಅಂಗಡಿಯಲ್ಲಿ ಸಿಗುವ ಸೇವಂತಿಗೆಯೇ ಪೂಜೆಗೆ ಆದೀತು, ಅಂಗಳದ ಗಡ್ಡೆಗಳನ್ನು ಎರಡೂ ತುದಿ ಸಮೇತ ಅಗೆದು ತೆಗೆಯಲು ಜನವರಿಯವರೆಗೆ ಕಾಯಬೇಕಾಗಿಲ್ಲ, ಮೊಳಕೆ ಕಂಡ ಜಾಗದಲ್ಲಿ ಅಂದೇ ಶುರುಮಾಡಬಹುದು.